‘ಗುಣ ಆಯ್ತಾ?’ ಅಂತ ಕೇಳುವವರಿಗೆ

ಊರಿಂದ ಅಮ್ಮ ಭಾನುವಾರ ಭಾನುವಾರ ಫೋನ್ ಮಾಡ್ತಾಳೆ. ಮಳೆ, ತೆಂಗಿನಕಾಯಿ ರೇಟು, ಯಾರ ಮದುವೆ ಎಲ್ಲಾ ಆಮೇಲೆ. ಮೊದಲ ಪ್ರಶ್ನೆ ಯಾವತ್ತೂ ಒಂದೇ.

"ಪುಟ್ಟಿಗೆ ಗುಣ ಆಯ್ತೇನೋ?"

"ಇಲ್ಲಮ್ಮ, ಮಾತ್ರೆ ನಡೀತಾ ಇದೆ."

"ಇನ್ನೂನಾ? ಎಂಥಾ ಡಾಕ್ಟ್ರೋ ನಿಮ್ಮ ಅಮೆರಿಕದವರು!"

ಅಮ್ಮನ ಮೇಲೆ ಸಿಟ್ಟಿಲ್ಲ ಬಿಡಿ. ಇಲ್ಲಿ ನ್ಯೂಜೆರ್ಸಿಯಲ್ಲಿ ಯುಗಾದಿ ಊಟಕ್ಕೆ ಸೇರುವ, ದೊಡ್ಡ ದೊಡ್ಡ ಓದು ಓದಿದ ಗೆಳೆಯರೂ ಇದನ್ನೇ ಕೇಳ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ, ಒಂದು ಸಲ ಬರೆದೇ ಹಾಕೋಣ ಅಂತ ಕೂತೆ. ನನ್ನ ಮಾತು ಇಷ್ಟೇ: ಈ ಮಾತ್ರೆಯನ್ನು ‘ಗುಣ ಆಯ್ತಾ’ ಅನ್ನೋ ಅಳತೆಗೋಲಿನಿಂದ ಅಳೆದರೆ ನೀವು ಅಳೆಯುತ್ತಿರುವುದು ಬೇರೆ ಏನನ್ನೋ.

ಮಗಳ ಕಾಯಿಲೆಯ ಹೆಸರು ಕ್ಲೋವ್ಸ್. ಲವಂಗ ಅಲ್ಲ ಮಾರಾಯ್ರೆ, ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ್ದು. ಹುಟ್ಟಿದಾಗಲೇ ಬಲಗಾಲು ಎಡಗಾಲಿಗಿಂತ ದಪ್ಪ, ಪಕ್ಕೆಯಲ್ಲಿ ಕೊಬ್ಬಿನ ದೊಡ್ಡ ಗಂಟು, ಅದರ ಮೇಲೆ ದ್ರಾಕ್ಷಿ ಬಣ್ಣದ ಮಚ್ಚೆ. ಮಗು ಬೆಳೆದ ಹಾಗೆ ಅದೂ ಬೆಳೆಯಿತು, ಮಗುವಿಗಿಂತ ಜೋರಾಗಿ. ಒಂದೇ ಅಂಗಡಿಯಲ್ಲಿ ಎರಡು ಅಳತೆಯ ಎರಡು ಜೊತೆ ಶೂ ಕೊಂಡು, ಒಂದೊಂದು ಕಾಲಿನದನ್ನು ಇಟ್ಟುಕೊಂಡು ಉಳಿದೆರಡನ್ನು ಅಟ್ಟಕ್ಕೆ ಹಾಕುವುದು ನಮ್ಮ ಮನೆಯ ಪದ್ಧತಿ. ಎಡಗಾಲಿನ ಶೂಗೆ ಅಟ್ಟೆ ದಪ್ಪ ಮಾಡಿಸೋದು ಬೇರೆ.

ಕಾರಣ ಪಿಐಕೆ3ಸಿಎ ಎಂಬ ಒಂದು ಜೀನ್. ‘ಬೆಳೆ’ ಅನ್ನೋ ಸಂದೇಶವನ್ನು ಕೋಶದೊಳಗೆ ದಾಟಿಸುವ ಕೆಲಸ ಅದರ ಪ್ರೋಟೀನಿನದು. ಗರ್ಭದಲ್ಲಿ ಕೋಶಗಳು ಒಡೆದು ಎರಡಾಗುತ್ತಾ ಹೋಗುವಾಗ ಯಾವುದೋ ಒಂದು ಕೋಶದಲ್ಲಿ ಈ ಜೀನಿನ ಒಂದಕ್ಷರ ತಪ್ಪಾಯಿತು, ನಾವು ಟೈಪ್ ಮಾಡುವಾಗ ಒತ್ತಕ್ಷರ ಜಾರಿದ ಹಾಗೆ. ಆ ಕೋಶದ ಸಂತತಿಗೆಲ್ಲಾ ಆ ತಪ್ಪು ಬಂತು, ಉಳಿದ ದೇಹಕ್ಕೆ ಬರಲಿಲ್ಲ. ಅದಕ್ಕೇ ಒಂದು ಕಾಲು ಹೀಗೆ, ಇನ್ನೊಂದು ಹಾಗೆ. ಅಪ್ಪನಿಂದಲೂ ಬಂದದ್ದಲ್ಲ, ಅಮ್ಮನಿಂದಲೂ ಅಲ್ಲ. ಇದನ್ನು ಒತ್ತಿ ಹೇಳ್ತೀನಿ, ಯಾಕೆಂದರೆ ಬಾಣಂತನದಲ್ಲಿದ್ದ ನನ್ನ ಹೆಂಡತಿಯನ್ನು "ಗ್ರಹಣದ ದಿನ ಹೊರಗೆ ಓಡಾಡಿದ್ಯೇನಮ್ಮಾ?" ಅಂತ ಮೂರು ಜನ ಕೇಳಿದ್ದರು. ಅವಳು ಆವತ್ತಿನಿಂದ ಎಷ್ಟೋ ರಾತ್ರಿ ಕ್ಯಾಲೆಂಡರ್ ಹಿಡಿದು ಕೂತಿದ್ದಳು. ಈ ಜೀನಿಗೂ ಕ್ಲೋವ್ಸ್‌ಗೂ ಸಂಬಂಧ ಇದೆ ಅಂತ ವಿಜ್ಞಾನಿಗಳಿಗೇ ತಿಳಿದದ್ದು 2012ರಲ್ಲಿ. ಕೇಳಿದವರಿಗೆ ಏನು ಗೊತ್ತಿತ್ತು?

ಇನ್ನು ಮಾತ್ರೆ. ಹೆಸರು ಆಲ್ಪೆಲಿಸಿಬ್. ಇದೇ ಜೀನಿನ ಇದೇ ತಪ್ಪು ಬಹಳಷ್ಟು ಸ್ತನ ಕ್ಯಾನ್ಸರ್‌ಗಳಲ್ಲೂ ಇರುತ್ತದೆ. ಅದಕ್ಕೆಂದು ಮಾಡಿದ ಔಷಧ ಇದು, 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದಕ್ಕೂ ಮೊದಲೇ ಪ್ಯಾರಿಸ್ಸಿನ ನೆಕ್ಕರ್ ಆಸ್ಪತ್ರೆಯ ಗಿಯೋಮ್ ಕನೋ ಎಂಬ ವೈದ್ಯರಿಗೆ, ಕ್ಯಾನ್ಸರಿಗೆ ಕೊಡುವುದನ್ನು ಈ ಮಕ್ಕಳಿಗೂ ಯಾಕೆ ಕೊಡಬಾರದು ಅನ್ನಿಸಿತು. ಮೊದಲು ಇಲಿಗಳಿಗೆ, ಆಮೇಲೆ ಬೇರೆ ದಾರಿಯೇ ಇಲ್ಲದ ರೋಗಿಗಳಿಗೆ. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ 19 ಜನರ ವಿವರ ಬಂತು. ಆ ಲೇಖನವನ್ನು ನಾನು ಆಫೀಸಿನಲ್ಲಿ ಕೂತು ಓದಿ, ಎದ್ದು ಹೋಗಿ ಕಾರಿನಲ್ಲಿ ಕೂತು ಅತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

2022ರ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಈ ಜೀನಿನಿಂದ ಬರುವ ಅತಿಬೆಳವಣಿಗೆಯ ಕಾಯಿಲೆಗಳು ತೀವ್ರವಾಗಿದ್ದರೆ, ಎರಡು ವರ್ಷ ದಾಟಿದವರಿಗೆ ವೈಜಾಯ್ಸ್ ಎಂಬ ಹೆಸರಲ್ಲಿ ಇದನ್ನು ಕೊಡಬಹುದು ಅಂತ ತ್ವರಿತ ಅನುಮೋದನೆ ಕೊಟ್ಟಿತು. ಆ ವರ್ಷದ ಚಳಿಗಾಲದಿಂದ ಪುಟ್ಟಿಗೆ ದಿನಕ್ಕೊಂದು, 50 ಮಿಲಿಗ್ರಾಂ. ಊಟದ ಜೊತೆಗೇ ಕೊಡಬೇಕು, ದಿನಾ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಮೊದಮೊದಲು ನುಂಗಲು ಬರುತ್ತಿರಲಿಲ್ಲ. ಅರ್ಧ ಲೋಟ ನೀರಿಗೆ ಹಾಕಿ ಐದು ನಿಮಿಷ ಬಿಟ್ಟು, ಚಮಚದಲ್ಲಿ ಅರೆದು ಕುಡಿಸಿ, ತಳದಲ್ಲಿ ಉಳಿದದ್ದಕ್ಕೆ ಮತ್ತೆ ನೀರು ಹಾಕಿ ಕುಡಿಸುತ್ತಿದ್ದೆವು. ಈಗ ಸಾರನ್ನದ ಮೂರನೇ ತುತ್ತಿಗೆ ತಾನೇ ನುಂಗುತ್ತಾಳೆ.

ಇದು ಸುಮ್ಮನೆ ಕೊಡುವ ಮಾತ್ರೆ ಅಲ್ಲ. ಇನ್ಸುಲಿನ್ನಿನ ಸಂದೇಶ ಹೋಗುವುದೂ ಇದೇ ದಾರಿಯಲ್ಲಿ. ದಾರಿ ಮುಚ್ಚಿದರೆ ರಕ್ತದಲ್ಲಿ ಸಕ್ಕರೆ ಏರಬಹುದು. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡುವುದು, ಆಗಾಗ ಲ್ಯಾಬಿನಲ್ಲಿ ರಕ್ತ ಕೊಡುವುದು. ಭೇದಿ ಆಗುತ್ತೆ. ಬಾಯಿ ಹುಣ್ಣು ಆಗುತ್ತೆ. ("ಉಷ್ಣ ಆಗಿದೆ ಕಣೋ, ಮಜ್ಜಿಗೆ ಕೊಡು" ಅಂತಾಳೆ ಅಮ್ಮ. ಕೊಡ್ತೀವಿ, ತಪ್ಪೇನು.) ಬೆಳೆಯುವ ಮಗುವಿಗೆ ಬೆಳವಣಿಗೆಯ ಸಂದೇಶವನ್ನೇ ತಗ್ಗಿಸುವ ಔಷಧ ಕೊಡುತ್ತಿದ್ದೇವೆ ಎಂಬ ಅಳುಕು ಇದೆಯಲ್ಲಾ, ಅದು ಬೇರೆ. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಅವಳ ಎತ್ತರ ಗುರುತು ಹಾಕುತ್ತೇವೆ. ಎಲ್ಲರ ಮನೆಯಲ್ಲೂ ಹಾಕುತ್ತಾರೆ, ನಮ್ಮಷ್ಟು ಭಯದಿಂದ ಹಾಕುವುದಿಲ್ಲ.

ಹಾಗಾದರೆ ಉಪಯೋಗ ಎಷ್ಟು? ಲೆಕ್ಕಗಳ ಕೆಲಸದಲ್ಲಿರುವ ಗೆಳೆಯನೊಬ್ಬ ಅನುಮೋದನೆಯ ಕಾಗದ ಓದಿ "ಇಷ್ಟಕ್ಕೇ ಇಷ್ಟು ಕುಣಿತವಾ?" ಅಂದಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಐದು ದೇಶಗಳ ಏಳು ಆಸ್ಪತ್ರೆಗಳ ಹಳೆಯ ಕಡತಗಳನ್ನು ತೆಗೆದು ನೋಡಿದ ಅಧ್ಯಯನ ಅದು. ಆರು ತಿಂಗಳಲ್ಲಿ ಗಂಟಿನ ಗಾತ್ರ ಕನಿಷ್ಠ 20 ಭಾಗ ಇಳಿದರೆ ಮಾತ್ರ ‘ಪರಿಣಾಮ ಆಯಿತು’ ಅಂತ ಲೆಕ್ಕ. 37 ಜನರಲ್ಲಿ ಹಾಗೆ ಇಳಿದದ್ದು 10 ಜನಕ್ಕೆ. ಸುಳ್ಳು ಮಾತ್ರೆ ಕೊಟ್ಟು ಹೋಲಿಸಿ ನೋಡಿದ ಇನ್ನೊಂದು ಗುಂಪು ಇಲ್ಲ.

ಆದರೆ ಅದೇ ಕಡತಗಳಲ್ಲಿ ಬೇರೆ ಸಾಲುಗಳೂ ಇದ್ದವು. ಸುಸ್ತು ಇದ್ದ 42 ಜನರಲ್ಲಿ 32 ಜನಕ್ಕೆ ಅದು ಕಡಿಮೆಯಾಗಿತ್ತು. ನೋವಿದ್ದ 22ರಲ್ಲಿ 20 ಜನಕ್ಕೆ ನೋವು ತಗ್ಗಿತ್ತು. ಗೆಳೆಯ ಇದನ್ನು ತಳ್ಳಿಹಾಕುತ್ತಾನೆ. ಸುಸ್ತು ಅನ್ನೋದು ರೋಗಿ ಹೇಳುವ ಮಾತು, ಹೊಸ ಮಾತ್ರೆ ಸಿಕ್ಕ ಖುಷಿಗೇ ಕಡಿಮೆಯಾದೀತು ಅಂತ. ಇರಬಹುದು. ಆದರೆ ಸ್ವಾಮಿ, ಕಾಲು ಹತ್ತಕ್ಕೆ ಎರಡು ಭಾಗ ಸಣ್ಣಗಾಗಲಿ ಅಂತ ಪುಟ್ಟಿ ನನ್ನ ಹತ್ತಿರ ಒಂದು ದಿನವೂ ಕೇಳಿಲ್ಲ. ಅವಳು ಕೇಳಿದ್ದು ಶಾಲೆಯಿಂದ ಬಂದು ಆಟಕ್ಕೆ ಹೋಗಬಹುದಾ ಅಂತ. ಮೊದಲು ಬಂದವಳೇ ಶೂ ಕೂಡ ಬಿಚ್ಚದೆ ಸೋಫಾ ಮೇಲೆ ಮಲಗಿಬಿಡುತ್ತಿದ್ದಳು. ಈಗ ಹೆಚ್ಚಿನ ದಿನ ಹೋಗುತ್ತಾಳೆ. ಸ್ಕ್ಯಾನಿನಲ್ಲಿ ಅವಳ ಗಂಟು ಇಳಿದಿರುವುದು ಹತ್ತಕ್ಕೆ ಒಂದು ಭಾಗದಷ್ಟು. ಅಂದರೆ ಎಫ್‌ಡಿಎ ಲೆಕ್ಕದಲ್ಲಿ ಅವಳು ಆ ಹತ್ತು ಜನರ ಸಾಲಿಗೆ ಸೇರುವವಳಲ್ಲ. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ಮಾತ್ರೆ ಶುರುವಾದ ಮೇಲೆ ಅದು ಬೆಳೆದಿಲ್ಲ. ಪ್ರತಿ ವರ್ಷ ದೊಡ್ಡದಾಗುತ್ತಿದ್ದದ್ದು ನಿಂತಿದೆ. ನಿಂತದ್ದಕ್ಕೆ ಕನ್ನಡದಲ್ಲಿ ‘ಗುಣ’ ಅನ್ನುವುದಿಲ್ಲ, ನಿಜ. ಆದರೆ ಎರಡು ಆಪರೇಷನ್ ಆದಮೇಲೂ ಗಂಟು ಮತ್ತೆ ಬೆಳೆದದ್ದನ್ನು ನೋಡಿದ ನಮಗೆ, ನಿಂತಿತು ಅನ್ನೋ ಪದ ಸಾಕು.

ಹಾಗಂತ ಗೆಳೆಯನ ವಾದವನ್ನು ಕಸದ ಬುಟ್ಟಿಗೆ ಹಾಕಲೂ ಮನಸ್ಸಿಲ್ಲ. ನಮ್ಮಂಥ ಅಪ್ಪ ಅಮ್ಮಂದಿರ ಒಂದು ದೌರ್ಬಲ್ಯ ಏನೆಂದರೆ, ಮಾತ್ರೆ ಕೈಗೆ ಸಿಕ್ಕಿದ ಮೇಲೆ ಪರೀಕ್ಷೆಗಳು ಬೇಡ ಅನ್ನಿಸಿಬಿಡುತ್ತದೆ. ಯಾರ ಮಗುವಿಗೋ ಸುಳ್ಳು ಮಾತ್ರೆ ಕೊಡುವುದು ಕ್ರೂರ ಅನ್ನಿಸುತ್ತದೆ. ಆದರೆ ಹೋಲಿಕೆಯಿಲ್ಲದೆ ಇದು ಯಾರಿಗೆ ಕೆಲಸ ಮಾಡುತ್ತೆ, ಯಾರಿಗೆ ಬರೀ ಬಾಯಿ ಹುಣ್ಣು ಕೊಡುತ್ತೆ ಅಂತ ತಿಳಿಯುವುದು ಹೇಗೆ? ಇನ್ಶೂರೆನ್ಸ್ ಕಂಪನಿಯವರು ವರ್ಷಕ್ಕೊಮ್ಮೆ ‘ಇದರ ಅಗತ್ಯ ಸಾಬೀತು ಮಾಡಿ’ ಅಂತ ಕಾಗದ ಕಳಿಸಿದಾಗ ಅವರ ಬಾಯಿ ಮುಚ್ಚಿಸಲಿಕ್ಕಾದರೂ ಗಟ್ಟಿ ಪುರಾವೆ ಬೇಕು. ಅವರು ಬೇಡ ಅಂದರೆ ನಮ್ಮ ಸಂಬಳದಲ್ಲಿ ಮುಟ್ಟುವ ಬೆಲೆಯಲ್ಲ ಇದು.

ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಪುಟ್ಟಿಯದು. "ಅಪ್ಪಾ, ಇದನ್ನ ಯಾವಾಗ ನಿಲ್ಲಿಸೋದು?" ಮಾತ್ರೆ ಆ ಜೀನಿನ ತಪ್ಪನ್ನು ತಿದ್ದುವುದಿಲ್ಲ, ಅದರ ಗಂಟಲು ಹಿಡಿದಿರುತ್ತದೆ ಅಷ್ಟೆ. ಕನೋ ಅವರ ಇಲಿಗಳಲ್ಲಿ ಔಷಧ ನಿಲ್ಲಿಸಿದಾಗ ಕಾಯಿಲೆ ಮರುಕಳಿಸಿತ್ತು. ಗರ್ಭಿಣಿಯರಿಗೆ ಇದು ಆಗದು, ಹಾಗಾಗಿ ಅವಳು ದೊಡ್ಡವಳಾದ ಮೇಲೆ ಇನ್ನೊಂದು ಸುತ್ತಿನ ಮಾತು ಇದೆ. "ಇನ್ನೂ ಸ್ವಲ್ಪ ದಿನ ಪುಟ್ಟಿ" ಅಂತೀನಿ. ಅವಳಿಗೆ ಗೊತ್ತಾಗುತ್ತೆ, ನಾನು ಸುಳ್ಳು ಹೇಳ್ತಿದೀನಿ ಅಂತ.

ಅಮ್ಮನಿಗೆ ಮಾತ್ರ ಒಂದು ಹೇಳಿಕೊಟ್ಟಿದ್ದೇನೆ. ಗುಣ ಆಯ್ತಾ ಅಂತ ಕೇಳಬೇಡ, ಈ ವಾರ ಪುಟ್ಟಿ ಎಷ್ಟು ದಿನ ಆಟಕ್ಕೆ ಹೋಗಿದ್ದಳು ಅಂತ ಕೇಳು. ಹೋದ ಭಾನುವಾರ ಕೇಳಿದಳು. ನಾಲ್ಕು ದಿನ ಅಂದೆ. "ಅಯ್ಯೋ, ಬಿಸಿಲಲ್ಲಿ ಅಷ್ಟೆಲ್ಲಾ ಯಾಕೆ ಬಿಡ್ತೀರೋ?" ಅಂದಳು!

ಊರಲ್ಲಿರುವವರಿಗೆ ಒಂದು ಮಾತು. ನಿಮ್ಮ ಪರಿಚಯದಲ್ಲಿ ಹೀಗೆ ಒಂದು ಕಾಲೋ ಕೈಯೋ ಹುಟ್ಟಿನಿಂದ ದೊಡ್ಡದಾಗಿರುವ ಮಗು ಇದ್ದರೆ, ರಕ್ತದ ಜೀನ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂತ ಕೈಬಿಡಬೇಡಿ. ನಮಗೂ ರಕ್ತದಲ್ಲಿ ಸಿಕ್ಕಿರಲಿಲ್ಲ. ದಪ್ಪಗಾದ ಜಾಗದಿಂದಲೇ ಚೂರು ಅಂಗಾಂಶ ತೆಗೆದು ನೋಡಿದಾಗ ಸಿಕ್ಕಿತು. ಎಲ್ಲರಿಗೂ ಆಲ್ಪೆಲಿಸಿಬ್ಬೇ ಬೇಕಂತಲೂ ಇಲ್ಲ, ಹಳೆಯ ಸಿರೋಲಿಮಸ್ ಕೂಡ ಕೆಲವರಿಗೆ ಕೊಡುತ್ತಾರೆ. ಪುಟ್ಟಿಗೂ ಮೊದಲು ಅದನ್ನೇ ಕೊಟ್ಟಿದ್ದು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿವೆ. ಆ ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷದವರೆಗೆ ನೆರವು ಇದೆ. ಈ ಕಾಯಿಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ನಾಲ್ಕು ಸಾಲು ಬರೆಯಿರಿ, ಬೇರೆಯವರಿಗೂ ಉಪಯೋಗ ಆಗುತ್ತೆ.