ಬೀದರ್‌ನ ಮಾತಿಗೆ ಕೂಲಿ ಎಷ್ಟು? ಎಐ ಉದ್ಯಮಿಗಳನ್ನು ಕೇಳಬೇಕಾದ ಲೆಕ್ಕ

ಕೃತಕ ಬುದ್ಧಿಮತ್ತೆ, ಅಂದರೆ ಎಐ, ನಮ್ಮನ್ನು ಎಲ್ಲಿಗೆ ಒಯ್ಯುತ್ತೆ ಅನ್ನೋ ಪ್ರಶ್ನೆಗೆ ಬೆಂಗಳೂರಿನ ಸ್ಟಾರ್ಟಪ್ ವಲಯದಲ್ಲಿ ಎರಡು ಉತ್ತರ ಓಡಾಡ್ತಿವೆ. ಒಂದು, ಕೆಲಸ ಹೋಗುತ್ತೆ. ಇನ್ನೊಂದು, ಭಾರತಕ್ಕೆ ಇಂಥ ಅವಕಾಶ ಮತ್ತೆ ಸಿಗಲ್ಲ. ಎರಡನ್ನೂ ಹೇಳುವವರು ತಿಳಿದವರೇ. ಆದರೆ ಬೀದರ್‌ನ ಚಿದ್ರಿಯಲ್ಲಿ ನಿಂತು ಕೇಳಿದರೆ ಎರಡರಲ್ಲೂ ಇಲ್ಲಿನ ಹುಡುಗ ಹುಡುಗಿಯರ ಲೆಕ್ಕ ಸಿಗಲ್ಲ.

ಮೊದಲು ಕೆಲಸದ ಮಾತು. 2023ರ ಜುಲೈನಲ್ಲಿ ಬೆಂಗಳೂರಿನ ದುಕಾನ್ ಕಂಪನಿಯ ಸುಮಿತ್ ಶಾ, ಗ್ರಾಹಕ ಸೇವಾ ವಿಭಾಗದ ಶೇ. 90ರಷ್ಟು ಜನರನ್ನು ತೆಗೆದು ಚಾಟ್‌ಬಾಟ್ ಕೂರಿಸಿದ್ದೇನೆ ಅಂತ ಟ್ವೀಟ್ ಮಾಡಿದರು. ಸಮಸ್ಯೆ ಬಗೆಹರಿಯಲು 2 ಗಂಟೆ 13 ನಿಮಿಷ ಬೇಕಿದ್ದದ್ದು 3 ನಿಮಿಷ 12 ಸೆಕೆಂಡಿಗೆ ಇಳಿಯಿತು, ವೆಚ್ಚ ಶೇ. 85ರಷ್ಟು ತಗ್ಗಿತು ಅಂದರು. ಜನ ಬೈದರು, ಸುದ್ದಿ ಆಯಿತು, ಮುಗಿಯಿತು. 2025ರ ಮೇನಲ್ಲಿ ಆಂಥ್ರೊಪಿಕ್ ಮುಖ್ಯಸ್ಥ ಡಾರಿಯೊ ಅಮೊಡೈ, ಒಂದರಿಂದ ಐದು ವರ್ಷದೊಳಗೆ ಆರಂಭಿಕ ಹಂತದ ಆಫೀಸು ಕೆಲಸಗಳಲ್ಲಿ ಅರ್ಧದಷ್ಟು ಹೋಗಬಹುದು ಅಂದರು. ಬಂಡವಾಳಗಾರ ವಿನೋದ್ ಖೋಸ್ಲಾ ಇನ್ನೂ ಮುಂದೆ ಹೋಗಿ, ಬಿಪಿಒ ಮತ್ತು ಐಟಿ ಸೇವೆಗಳೇ ಮಾಯವಾಗುತ್ತವೆ ಅಂತಾರೆ. ಎಐ ಮಾರುವವರು, ಎಐಗೆ ದುಡ್ಡು ಹಾಕಿದವರು ಹೇಳೋ ಮಾತಿದು. ಸ್ವಲ್ಪ ಉಪ್ಪು ಕಡಿಮೆ ಮಾಡಿಕೊಂಡೇ ತಿನ್ನಬೇಕು.

ಹಾಗಂತ ಪೂರ್ತಿ ತಳ್ಳಿಹಾಕೋ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಎರಿಕ್ ಬ್ರಿನ್ಯಾಲ್ಫ್‌ಸನ್ ತಂಡ ಅಮೆರಿಕದ ಸಂಬಳ ಪಟ್ಟಿಗಳನ್ನು ನೋಡಿ ಒಂದು ವಿಷಯ ಹೇಳಿತು: ಎಐ ಹೆಚ್ಚು ತಟ್ಟುವ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ. 13ರಷ್ಟು ಕುಸಿದಿದೆ. ಅದೇ ವೃತ್ತಿಯ ಅನುಭವಿಗಳಿಗೆ ಅಂಥ ಏಟು ಬಿದ್ದಿಲ್ಲ. ನಮ್ಮಲ್ಲಿ ಅದೇ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಜನರನ್ನು ತೆಗೆಯುವುದಾಗಿ ಹೇಳಿತು. ಬಹುಪಾಲು ಮಧ್ಯಮ ಮತ್ತು ಹಿರಿಯ ಹಂತದವರು. ಕಾರಣ ಎಐ ಅಲ್ಲ ಅಂತ ಕಂಪನಿಯ ಸಿಇಒ ಹೇಳಿದರು. ಇರಲಿ. ಕೆಲಸದಿಂದ ತೆಗೆದರೆ ಅದು ಸುದ್ದಿ. ಕ್ಯಾಂಪಸ್‌ಗೆ ಬರೋದನ್ನೇ ನಿಲ್ಲಿಸಿದರೆ ಯಾರೂ ಪ್ರಕಟಣೆ ಕೊಡಲ್ಲ.

ಬೀದರ್‌ಗೆ ನೋವಾಗೋದು ಇಲ್ಲೇ. ನಾನೂ ಇಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೆ ಕಡೆ ಬಂದವನು. ನನ್ನ ಜೊತೆಯವರಲ್ಲಿ ಹೆಚ್ಚಿನವರ ಮೊದಲ ಕೆಲಸ ಟೆಸ್ಟಿಂಗ್, ಸಪೋರ್ಟ್, ಡೇಟಾ ಎಂಟ್ರಿ, ಯಾರೋ ಬರೆದ ಕೋಡ್ ತಿದ್ದೋದು. ಬೇಜಾರಿನ ಕೆಲಸ. ಆದರೆ ಬೀದರ್‌ನ ಗುರುನಾನಕ್ ದೇವ್ ಕಾಲೇಜಿನಿಂದಲೋ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜಿನಿಂದಲೋ ಹೊರಬಂದವರಿಗೆ ಹೈದರಾಬಾದ್, ಪುಣೆ, ಬೆಂಗಳೂರಿನ ಬಾಗಿಲು ತೆರೆಯೋದು ಆ ಕೆಲಸದಿಂದಲೇ. ಇಂಗ್ಲಿಷ್ ಸರಾಗ ಆಗೋದು, ಪಿಎಫ್ ಅಂದರೇನು ಅಂತ ತಿಳಿಯೋದು, ಊರಿಗೆ ದುಡ್ಡು ಕಳಿಸಲು ಶುರುವಾಗೋದು ಎಲ್ಲ ಅಲ್ಲೇ. ಚಾಟ್‌ಬಾಟ್ ಮೊದಲು ಕಸಿಯುವುದು ಈ ಮೆಟ್ಟಿಲನ್ನು. ಬೆಂಗಳೂರಿನ ಹುಡುಗನಿಗೆ ಅಪ್ಪನ ಗೆಳೆಯರು ಇರ್ತಾರೆ, ಇನ್ನೊಂದು ಕಡೆಯಿಂದ ಹತ್ತಬಹುದು. ಔರಾದ್‌ನಿಂದ ಬಂದವಳಿಗೆ ಅದೊಂದೇ ಮೆಟ್ಟಿಲು.

371(ಜೆ) ಇದೆಯಲ್ಲ ಅಂತೀರಿ. ಇದೆ, ಒಳ್ಳೆಯದೇ ಆಗಿದೆ. ಆದರೆ ಅದು ಕೊಡೋದು ಸರ್ಕಾರಿ ಹುದ್ದೆ ಮತ್ತು ಕಾಲೇಜು ಸೀಟು. ಖಾಸಗಿ ಕೆಲಸಕ್ಕೆ ಅದರ ಕೈ ತಲುಪಲ್ಲ. 2024ರ ಜುಲೈನಲ್ಲಿ ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲು ಕೊಡೋ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗದ್ದಲ ಎಬ್ಬಿಸಿದರು, ಎರಡೇ ದಿನದಲ್ಲಿ ಅದು ತಡೆಹಿಡಿದ ಫೈಲ್ ಆಯಿತು. ಆ ಮಸೂದೆ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಉದ್ಯಮಿಗಳ ಸಿಟ್ಟಿಗೆ ಎಷ್ಟು ವೇಗ ಇದೆ ಅಂತ ಮಾತ್ರ ಅದರಿಂದ ಗೊತ್ತಾಯಿತು.

ಈಗ ಅವಕಾಶದ ಮಾತಿಗೆ ಬರೋಣ. ಇನ್ನೊಂದು ದೊಡ್ಡ ಭಾಷಾ ಮಾದರಿ ಕಟ್ಟೋದು ನಮ್ಮ ಗುರಿಯಾಗಬಾರದು, ಅದನ್ನು ಸಿಲಿಕಾನ್ ವ್ಯಾಲಿಯ ದೊಡ್ಡವರು ಮಾಡಲಿ, ನಾವು ಬಳಕೆಯ ದಾರಿ ಹುಡುಕೋಣ ಅಂತ ನಂದನ್ ನಿಲೇಕಣಿ 2024ರಲ್ಲಿ ಹೇಳಿದರು. ಇಲ್ಲ, ನಮ್ಮದೇ ಮಾದರಿ ಬೇಕು ಅನ್ನೋದು ಸರ್ವಂ ಕಂಪನಿಯ ವಿವೇಕ್ ರಾಘವನ್, ಪ್ರತ್ಯೂಷ್ ಕುಮಾರ್ ಅವರ ಹಾದಿ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅವರನ್ನೇ ಆಯ್ಕೆ ಮಾಡಿತು. ಈ ಜಗಳದಲ್ಲಿ ಯಾರೇ ಗೆದ್ದರೂ ಇಬ್ಬರಿಗೂ ಬೇಕಾದ ಕಚ್ಚಾ ಮಾಲು ಒಂದೇ: ಜನ ನಿಜವಾಗಿ ಆಡೋ ಮಾತು.

ಆ ಮಾಲು ನಮ್ಮಲ್ಲಿ ರಾಶಿ ಬಿದ್ದಿದೆ. ಬೀದರ್‌ನಲ್ಲಿ ಒಂದೇ ಚಹಾ ಅಂಗಡಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಕಿವಿಗೆ ಬೀಳುತ್ತೆ. 'ಮಳಿ ಬರ್ಲತ್ತದ' ಅನ್ನೋ ಕನ್ನಡ, ಪಠ್ಯಪುಸ್ತಕದ 'ಮಳೆ ಬರುತ್ತಿದೆ'ಯಷ್ಟೇ ಕನ್ನಡ. ಆದರೆ ಯಂತ್ರ ಪುಸ್ತಕದ್ದನ್ನೇ ಓದಿ ಬೆಳೆದಿದೆ. ಈ ಕೊರತೆ ತುಂಬಲು ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ 'ವಾಣಿ' ಯೋಜನೆ ನಡೆಸ್ತಿದೆ: ಚಿತ್ರ ತೋರಿಸಿ ಮಾತಾಡಿಸಿ, 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳಷ್ಟು ದನಿ ಕೂಡಿಸುವ ಗುರಿ. ಸಂಗ್ರಹ ಎಲ್ಲರಿಗೂ ಮುಕ್ತ, ಅಂದರೆ ಗೂಗಲ್‌ಗೂ ಮುಕ್ತ. ಕೇಂದ್ರದ 'ಭಾಷಿಣಿ'ಯಲ್ಲಿ ಒಂದು ವಿಭಾಗದ ಹೆಸರೇ 'ಭಾಷಾದಾನ'. ನಿಮ್ಮ ದನಿ ಪುಕ್ಕಟೆ ಕೊಡಿ ಅಂತ. ಕಾಯಕಕ್ಕೂ ದಾನಕ್ಕೂ ಇರೋ ವ್ಯತ್ಯಾಸವನ್ನು ಬಸವಕಲ್ಯಾಣ ಇರೋ ಜಿಲ್ಲೆಗೆ ಹೇಳಿಕೊಡಬೇಕಿಲ್ಲ.

ಇದೇ ಕೆಲಸಕ್ಕೆ ಬೇರೆ ದಾರಿ ಹಿಡಿದವರು ಬೆಂಗಳೂರಿನ 'ಕಾರ್ಯ' ಸಂಸ್ಥೆಯವರು. ಮನು ಚೋಪ್ರಾ, ಸಫಿಯಾ ಹುಸೇನ್, ವಿವೇಕ್ ಶೇಷಾದ್ರಿ ಕಟ್ಟಿದ್ದು. ಚಾಮರಾಜನಗರ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಮೊಬೈಲ್‌ನಲ್ಲಿ ತಮ್ಮ ಕನ್ನಡವನ್ನು ಓದಿ ದಾಖಲಿಸಿದ್ದನ್ನು 2023ರಲ್ಲಿ 'ಟೈಮ್' ಪತ್ರಿಕೆ ವರದಿ ಮಾಡಿತು. ಗಂಟೆಗೆ ಸುಮಾರು 5 ಡಾಲರ್ ಕೂಲಿ. ಅದೇ ದಾಖಲೆ ಮತ್ತೆ ಮಾರಾಟವಾದರೆ ದನಿ ಕೊಟ್ಟವರಿಗೆ ರಾಯಧನ. ನಾನು ಓದಿದ ಎಐ ಸುದ್ದಿಗಳಲ್ಲಿ ಕೂಲಿಯವರ ಹೆಸರಲ್ಲಿ ಮಾಲಿಕತ್ವದ ಮಾತು ಬಂದದ್ದು ಇಲ್ಲಿ ಮಾತ್ರ. ಆದರೆ ಒಬ್ಬರಿಗೆ ಸುಮಾರು 1,500 ಡಾಲರ್ ಅನ್ನೋ ಮಿತಿ ಇತ್ತು. ಹೆಚ್ಚು ಜನಕ್ಕೆ ಸಿಗಲಿ ಅನ್ನೋ ಉದ್ದೇಶ ಸರಿ. ಅಂದರೆ ಇದು ಕೈಖರ್ಚಿಗೆ ಆಗೋ ದುಡ್ಡು, ಕಳೆದುಹೋಗುವ ಮೊದಲ ನೌಕರಿಗೆ ಬದಲಿ ಅಲ್ಲ. ಇದನ್ನು ಉದ್ಯೋಗ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ.

ಹಾಗಾದರೆ ಕೇಳಬೇಕಾದ್ದೇನು? ಶ್ರೀಧರ್ ಮಿತ್ತ ಅವರ ನೆಕ್ಸ್ಟ್‌ವೆಲ್ತ್, ಎಐಗೆ ದತ್ತಾಂಶ ಗುರುತಿಸುವ ಕೇಂದ್ರವನ್ನು ಹುಬ್ಬಳ್ಳಿಯಲ್ಲಿ ನಡೆಸುತ್ತೆ. ಬೀದರ್‌ನಲ್ಲಿ ಅಂಥದ್ದೊಂದು ಬರಲಿ ಅಂತ ಮನವಿ ಕೊಡೋದು ಸುಲಭ, ಫೋಟೊನೂ ಚೆನ್ನಾಗಿ ಬರುತ್ತೆ. ಬರಲಿ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಪರೀಕ್ಷೆಯ ಕೆಲಸ. ಸರ್ಕಾರ ಬೆಳೆವಿಮೆಗೋ ಪಿಂಚಣಿಗೋ ಆಸ್ಪತ್ರೆಗೋ ಮಾತಾಡೋ ಯಂತ್ರ ಕೊಳ್ಳುವಾಗ, ತೊಗರಿ ಒಣಗಿದ ಔರಾದ್ ರೈತ ಮರಾಠಿ ಬೆರೆತ ಕನ್ನಡದಲ್ಲಿ ಹೇಳಿದ್ದು ಅದಕ್ಕೆ ತಿಳಿಯುತ್ತಾ ಅಂತ ನೋಡಿ ಸಹಿ ಹಾಕುವವರು ಬೇಕು. ಅದಕ್ಕೆ ಇಂಜಿನಿಯರಿಂಗ್ ಗೊತ್ತಿರಬೇಕು, ಬೀದರ್ ಭಾಷೆಯೂ ಗೊತ್ತಿರಬೇಕು. ಎರಡೂ ಬಲ್ಲವರು ಬೀದರ್, ಭಾಲ್ಕಿಯ ಕಾಲೇಜುಗಳಿಂದ ವರ್ಷವರ್ಷ ಹೊರಗೆ ಬರ್ತಿದ್ದಾರೆ. ಅವರನ್ನು ಸಂಬಳಕ್ಕೆ ಇಟ್ಟುಕೊಳ್ಳಬೇಕು ಅನ್ನೋ ಷರತ್ತು ಟೆಂಡರ್‌ನಲ್ಲೇ ಇರಲಿ. ದನಿ ದಾಖಲಿಸಲು ಬರುವವರ ಒಪ್ಪಂದದಲ್ಲಿ ಮರುಮಾರಾಟದ ಪಾಲೂ ಇರಲಿ. ಬೆಂಗಳೂರು ಟೆಕ್ ಸಮ್ಮಿಟ್ ವೇದಿಕೆಯಲ್ಲಿ 'ಎಲ್ಲರಿಗೂ ಎಐ' ಅಂತ ಮಾತಾಡುವ ಸಂಸ್ಥಾಪಕರಿಗೆ ನೀವು ಕೇಳೋ ಮೊದಲ ಪ್ರಶ್ನೆ ಇದೇ ಆಗಲಿ: ನಿಮ್ಮ ಒಪ್ಪಂದದಲ್ಲಿ ಆ ಸಾಲು ಇದೆಯಾ, ಇಲ್ಲವಾ?