ಚರ್ಚಿನ ಜಾಲತಾಣಕ್ಕೆ ಕನ್ನಡ ಏಕೆ ಬೇಡ?

ಚರ್ಚಿಗೆ ಹೊಸಬರು ಬರಬೇಕಾದರೆ ಜಾಲತಾಣ ಬೇಕು, ಯೂಟ್ಯೂಬ್ ಬೇಕು, ಡ್ರೋನಿನಿಂದ ತೆಗೆದ ಚಿತ್ರಗಳು ಬೇಕು ಎಂಬ ಮಾತನ್ನು ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳ ಬಾಯಿಂದಲೂ ಕೇಳುತ್ತಿದ್ದೇನೆ. ಅದಕ್ಕೆ ನನ್ನ ತಕರಾರಿಲ್ಲ. 2020ರ ಮಾರ್ಚಿನಲ್ಲಿ ಗುಡಿ, ಮಸೀದಿ, ಚರ್ಚುಗಳ ಬಾಗಿಲು ಒಟ್ಟಿಗೇ ಮುಚ್ಚಿದಾಗ ಮೊಬೈಲಿನ ಉಪಕಾರವನ್ನು ಎಲ್ಲ ಧರ್ಮದವರೂ ಪಡೆದರು. ನನ್ನ ತಕರಾರು ಬೇರೆ. ಕನ್ನಡ ನಾಡಿನ ಚರ್ಚೊಂದು ಜನರನ್ನು ಕರೆಯಲು ಹೊರಟು, ಆ ಕರೆಯೋಲೆಯನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದರೆ, ಅದು ಯಾರನ್ನು ಕರೆಯುತ್ತಿದೆ?

ನಾನು ಕ್ರೈಸ್ತನಲ್ಲ, ಮಠದ ಪ್ರಸಾದ ಉಂಡು ಬೆಳೆದವನು. ಈ ಉಸಾಬರಿ ನಿಮಗೇಕೆ ಎಂದು ಬಂಧುಗಳಲ್ಲಿ ಕೆಲವರು ಕೇಳಿಯಾರು. ಕನ್ನಡ ಕಲಿಸಿದವನಿಗೆ ಕನ್ನಡದ ಉಸಾಬರಿ ಇದ್ದದ್ದೇ. ಅಲ್ಲದೆ, ಬೆಂಗಳೂರಿನಲ್ಲಿರುವ ಒಬ್ಬ ಶಿಷ್ಯ ತಾನು ಹೋಗುವ ಚರ್ಚಿನ ಜಾಲತಾಣದ ಕರಡನ್ನು ಕಳುಹಿಸಿ, "ಗುರುಗಳೇ, ಕನ್ನಡದ ಪುಟ ಒಂದೀಟು ನೋಡಿಕೊಡ್ರಿ" ಎಂದು ಕೇಳಿಕೊಂಡಿದ್ದ. ಇಂಗ್ಲಿಷ್ ಪುಟಗಳು ಹನ್ನೊಂದು, ಕನ್ನಡದ್ದು ಒಂದು, ಅದೂ ಯಂತ್ರ ಅನುವಾದಿಸಿದ್ದು. ಅದರಲ್ಲಿ ಭಾನುವಾರ ಬೆಳಿಗ್ಗೆ 'ದ್ರವ್ಯರಾಶಿ' ನಡೆಯುತ್ತದೆಂದು ಬರೆದಿತ್ತು! ಕಥೋಲಿಕರ ಕನ್ನಡದಲ್ಲಿ ಬಲಿಪೂಜೆ ಎಂಬ ಚೆಲುವಾದ ಮಾತಿದೆ. ಇಂಗ್ಲಿಷಿನಲ್ಲಿ ಅದಕ್ಕೂ ಭೌತಶಾಸ್ತ್ರದ ದ್ರವ್ಯರಾಶಿಗೂ ಒಂದೇ ಪದವಾದುದರಿಂದ ಯಂತ್ರ ಎಡವಿದೆ. ನಮ್ಮ ವಿಜ್ಞಾನದ ಮೇಷ್ಟ್ರಿಗೆ ಸಂತೋಷವಾಗಬಹುದು, ಭಕ್ತರಿಗೆ ಆಗಲಾರದು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಕನ್ನಡದ ಬಲಿಪೂಜೆ ಎಷ್ಟು ಗಂಟೆಗೆ ಎಂಬುದೇ ಹನ್ನೆರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಏಕೆಂದು ವಿಚಾರಿಸಿದರೆ ಸಮಿತಿಯವರ ಉತ್ತರ ಬಂತು: ಇಂಟರ್‌ನೆಟ್ ನೋಡುವವರಿಗೆ ಇಂಗ್ಲಿಷ್ ಬಂದೇ ಬರುತ್ತದೆ.

ಈ ಮಹನೀಯರು ಒಮ್ಮೆ ಜೇವರ್ಗಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸನ್ನು ಹತ್ತಬೇಕು. ತೊಗರಿ ಕೈಕೊಟ್ಟ ವರ್ಷ ನಮ್ಮ ಊರುಗಳಿಂದ ಗುಳೆ ಹೋಗುವ ಗಾರೆ ಕೆಲಸದವರು ಅದರಲ್ಲಿರುತ್ತಾರೆ. ಗಂಟು ಚಿಕ್ಕದಾದರೂ ಕೈಯಲ್ಲಿ ಮೊಬೈಲು ಇದ್ದೇ ಇರುತ್ತದೆ, ಅದರಲ್ಲಿ ಓಡುವುದು ಕನ್ನಡವೇ. ಅವರಲ್ಲಿ ಕ್ರೈಸ್ತ ಮನೆತನದವರೂ ಇದ್ದಾರೆ. ಮಹಾನಗರದಲ್ಲಿ ಯಾರ ಪರಿಚಯವೂ ಇಲ್ಲದ ಅಂಥ ತಾಯಿಯೊಬ್ಬಳು, ಭಾನುವಾರ ಒಂದು ತಾಸು ತನ್ನ ಭಾಷೆಯ ಪ್ರಾರ್ಥನೆಯಲ್ಲಿ ಕೂಡಬೇಕೆಂದು ಹುಡುಕಿದರೆ ಆಕೆಗೆ ಸಿಗುವುದೇನು? ಗೋಪುರದ ಮೇಲೆ ಡ್ರೋನು ಸುತ್ತುವ ಚಿತ್ರ.

ನಿಜಾಮರ ಆಳ್ವಿಕೆಯಲ್ಲಿ ನಮ್ಮ ಅಂದೋಲಾ ತಾಲ್ಲೂಕಾಗಿತ್ತು. ಕಚೇರಿಯ ವ್ಯವಹಾರ ಉರ್ದುವಿನಲ್ಲಿ. 1948ರ ಸೆಪ್ಟೆಂಬರಿನವರೆಗೂ ನಮ್ಮ ಹಿರಿಯರು ತಮ್ಮದೇ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿತ್ತು. ಉರ್ದು ಸುಂದರ ಭಾಷೆ, ಅದರ ತಪ್ಪೇನೂ ಅಲ್ಲ. ಆದರೆ ಓದಲಾಗದ ಕಾಗದದ ಮುಂದೆ ನಿಂತ ಮನುಷ್ಯ ಕುಗ್ಗುತ್ತಾನೆ. ಸರಕಾರಕ್ಕೆ ಆ ಕುಗ್ಗಿದ ಮನುಷ್ಯನಿಂದ ನಡೆಯಬಹುದು. ದೇವರ ಮನೆಗೆ ನಡೆಯುತ್ತದೆಯೇ?

ಚರ್ಚಿನವರಿಗೆ ಇದನ್ನು ಹೊರಗಿನವನಾದ ನಾನು ಹೇಳಬೇಕಾಗಿ ಬಂದದ್ದೇ ವಿಚಿತ್ರ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. 1853ರಲ್ಲಿ ಜರ್ಮನಿಯಿಂದ ಬಂದ ಕಿಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾಯಿತು, ಸುಮಾರು 70,000 ಪದಗಳು. ಇವರ ಉದ್ದೇಶ ಮತಪ್ರಚಾರವೇ ಆಗಿತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಜನರನ್ನು ತಲುಪಬೇಕಾದರೆ ಜನರ ಮಾತನ್ನು ಕಲಿಯಬೇಕೆಂಬ ವಿವೇಕ ಅವರಿಗಿತ್ತು. ಅಂದು ಅಚ್ಚುಮೊಳೆಗಳನ್ನು ಎರಕ ಹೊಯ್ಯಬೇಕಿತ್ತು. ಇಂದು ಕನ್ನಡ ಅಕ್ಷರ ಪ್ರತಿ ಮೊಬೈಲಿನೊಳಗೆ ಪುಕ್ಕಟೆ ಕುಳಿತಿದೆ.

ಅವರೆಲ್ಲ ಪ್ರಾಟೆಸ್ಟೆಂಟರು, ನಾವು ಕಥೋಲಿಕರು ಎಂದು ಶಿಷ್ಯ ನೆನಪಿಸಿದ. ಆಗಲಿ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ನಿನ ಜೊತೆಗೆ ಆಯಾ ನಾಡಿನ ಭಾಷೆಗೂ ಬಲಿಪೀಠದ ಬಳಿ ಸ್ಥಾನ ಕೊಟ್ಟಿತಲ್ಲ! ರೋಮಿನವರು ಒಪ್ಪಿದ್ದನ್ನು ಬೆಂಗಳೂರಿನ ಸಮಿತಿ ಒಪ್ಪದೆ?

ಚಿತ್ರಗಳಿಂದಲೇ ಜನ ಬರುತ್ತಾರೆಂಬ ವಾದಕ್ಕೆ ಹಾಸನದ ಬಳಿಯ ಶೆಟ್ಟಿಹಳ್ಳಿಯನ್ನು ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಚರ್ಚು ಹೇಮಾವತಿ ಜಲಾಶಯದ ಪಾಲಾಯಿತು, ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ಅಂತರ್ಜಾಲದ ಚಿತ್ರಗಳನ್ನು ಕಂಡು ಜನ ದೂರದಿಂದ ಬರುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂಬ ಒಂದೇ ವಾಕ್ಯ ಪುಟದಿಂದ ಪುಟಕ್ಕೆ ನಕಲಾಗುತ್ತದೆ. ನೀರಿಗಾಗಿ ಊರು ಬಿಟ್ಟವರ ವಿಷಯ ಬರೆಯುವವರು ವಿರಳ. ಪಾಳುಬಿದ್ದ ಚರ್ಚಿಗೆ ಅಷ್ಟು ಸಾಕು. ಜೀವಂತ ಚರ್ಚಿಗೂ ಅಂಥ ಪ್ರವಾಸಿಗಳೇ ಸಾಕೇ?

ಶಿಷ್ಯನಿಗೆ ಬರೆದು ಕಳುಹಿಸಿದ್ದು ಇಷ್ಟು. ಮೊದಲ ಪುಟದಲ್ಲಿಯೇ ಕನ್ನಡದ ಬಲಿಪೂಜೆಯ ವೇಳೆ ಇರಲಿ, ಬಸ್ಸು ಇಳಿಯುವ ಜಾಗ ಇರಲಿ, ಕನ್ನಡದಲ್ಲಿ ಮಾತನಾಡುವ ಒಬ್ಬರ ದೂರವಾಣಿ ಇರಲಿ. ನಕ್ಷೆಯಲ್ಲಿ ಚರ್ಚಿನ ಹೆಸರು ಕನ್ನಡದಲ್ಲಿಯೂ ಇರಲಿ. ಓದುಬಾರದವರಿಗಾಗಿ ಅದನ್ನೇ ಯಾರಾದರೂ ಓದಿ ಧ್ವನಿಮುದ್ರಿಸಲಿ. ಇಂಗ್ಲಿಷ್, ತಮಿಳು, ಕೊಂಕಣಿ ಧಾರಾಳವಾಗಿ ಇರಲಿ, ಅವರೂ ಭಕ್ತರೇ. ಕನ್ನಡ ಪುಟ ಎರಡನೆಯ ಹಂತದಲ್ಲಿ ಬರುತ್ತದೆಂದು ಸಮಿತಿಯವರು ತಿಳಿಸಿದ್ದಾರಂತೆ. ಎರಡನೆಯ ಹಂತ ಬರುವ ಹೊತ್ತಿಗೆ ಆ ತಾಯಿ ಕಟ್ಟಡ ಮುಗಿಸಿ ಊರಿಗೆ ಮರಳಿರುತ್ತಾಳೆ.

ನಿಮ್ಮಲ್ಲಿ ಚರ್ಚಿಗೆ ಹೋಗುವವರು ಹಲವರಿದ್ದೀರಿ. ನಿಮ್ಮ ಚರ್ಚಿನ ಪುಟವನ್ನು ಈ ರಾತ್ರಿ ತೆರೆದು, ಕನ್ನಡದ ಆರಾಧನೆಯ ವೇಳೆ ಒಂದು ನಿಮಿಷದಲ್ಲಿ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಎರಡು ಸಾಲು ಬರೆದು ನನಗೆ ಕಳುಹಿಸಿ, ತಿದ್ದಿಕೊಡುತ್ತೇನೆ. ಕೆಂಪು ಶಾಯಿ ಇನ್ನೂ ಉಳಿದಿದೆ.