ಹಾಲಿನ ಪಾತ್ರೆಯ ನೇಮ

ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯವು ಕೆಲವರಿಗೆ ಹೊಸದೆನಿಸಬಹುದು, ಮತ್ತೆ ಕೆಲವರಿಗೆ ಸಂಕೋಚದ್ದೆನಿಸಬಹುದು. ಆದರೆ ಎಳೆಯ ಕೂಸಿನ ಹೊಟ್ಟೆಗೆ ಸಂಬಂಧಿಸಿದ ಮಾತಿನಲ್ಲಿ ಸಂಕೋಚಕ್ಕೆ ಎಡೆಯಿರಬಾರದು. ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ತಾಯಿಯು ಹಗಲು ಹೊತ್ತಿನಲ್ಲಿ ಎದೆಹಾಲನ್ನು ತೆಗೆದಿಡಲು ಬಳಸುವ ಬ್ರೆಸ್ಟ್ ಪಂಪ್ ಎಂಬ ಸಾಧನವನ್ನು ಕಚೇರಿಯಲ್ಲಿಯೂ ಮನೆಯಲ್ಲಿಯೂ ಶುಚಿಯಾಗಿಟ್ಟುಕೊಳ್ಳುವ ಬಗೆ ಹೇಗೆ ಎಂಬುದೇ ಈ ಸಲದ ವಿಚಾರ.

ಮೊದಲು ನಮ್ಮ ಮನೆಯದೇ ಒಂದು ಪ್ರಸಂಗವನ್ನು ಹೇಳಿಬಿಡುತ್ತೇವೆ. ನಮ್ಮ ಹಿರಿಯ ಸೊಸೆ ತಾಲ್ಲೂಕು ಕೇಂದ್ರದ ಬ್ಯಾಂಕೊಂದರಲ್ಲಿ ಉದ್ಯೋಗದಲ್ಲಿದ್ದಾಳೆ. ಮೊಮ್ಮಗಳು ಎಂಟನೆಯ ತಿಂಗಳಿನಲ್ಲಿಯೇ ಹುಟ್ಟಿದವಳು. ತೂಕ ಕಡಿಮೆ, ಮೈ ನಾಜೂಕು. ಕೂಸಿಗೆ ಆರು ತಿಂಗಳು ತುಂಬುವ ಮೊದಲೇ ರಜೆ ಮುಗಿಯಿತು. ಸೊಸೆ ಬೆಳಿಗ್ಗೆ ಬಸ್ಸು ಹಿಡಿದು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳುವಳು. ಬ್ಯಾಂಕಿನಲ್ಲಿ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಹಾಲು ತೆಗೆದು, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ತರುತ್ತಿದ್ದಳು. ಮರುದಿನ ನಾವು ಅದನ್ನು ಒಳಲೆಯಲ್ಲಿ ಕುಡಿಸುತ್ತಿದ್ದೆವು. ರಾತ್ರಿ ಅವಳು ತೊಳೆದಿಟ್ಟ ಪಂಪಿನ ಭಾಗಗಳನ್ನು ಒರೆಸಿ ಎತ್ತಿಡುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೆವು. ಒರೆಸುತ್ತಿದ್ದುದಾದರೂ ಯಾತರಿಂದ? ನಮ್ಮ ಸೆರಗಿನಿಂದ. ಮೊಮ್ಮಗಳ ಮೇಲಿನ ಮಮತೆಯಿಂದ, ಹೊಳೆಯುವವರೆಗೂ ಉಜ್ಜಿ ಒರೆಸುತ್ತಿದ್ದೆವು.

ಒಂದು ವಾರ ಕೂಸಿಗೆ ಹೊಟ್ಟೆ ಕೆಟ್ಟಿತು. ಮಕ್ಕಳ ವೈದ್ಯರು ಎಲ್ಲವನ್ನೂ ಕೇಳಿ, ಕೊನೆಗೆ "ಆ ಪಂಪನ್ನು ತೋರಿಸಿರಿ" ಎಂದರು. ಬಿಚ್ಚಿ ನೋಡಿದರೆ ವಾಲ್ವಿನ ಅಡಿಯಲ್ಲಿ ತೆಳುವಾದ ಬಿಳಿ ಪದರ, ಗಾಳಿಯ ಕೊಳವೆಯೊಳಗೆ ಕರಿಯ ಚುಕ್ಕೆಗಳು. ಹೊಟ್ಟೆ ಕೆಡಲು ಅದೇ ಕಾರಣವೆಂದು ವೈದ್ಯರು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಆದರೆ ಅದನ್ನು ಹಾಗೆ ಇಟ್ಟುಕೊಳ್ಳಕೂಡದೆಂದು ಮಾತ್ರ ಖಂಡಿತವಾಗಿ ಹೇಳಿದರು. ಮನೆಗೆ ಬಂದ ಮೇಲೆ ಸೊಸೆ ತಲೆ ತಗ್ಗಿಸಿ, "ಅತ್ತೆ, ಬಟ್ಟೆಯಿಂದ ಒರೆಸಬಾರದೆಂದು ನನಗೆ ಗೊತ್ತಿತ್ತು. ನಿಮಗೆ ಬೇಡವೆನ್ನಲು ಬಾಯಿ ಬರಲಿಲ್ಲ" ಎಂದಳು. ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಈ ಬರಹಕ್ಕೆ ಕಾರಣವೂ ಅದೇ.

ಹಾಲಿನ ಪಾತ್ರೆಯ ನೇಮವು ನಮ್ಮ ಮನೆಗಳಿಗೆ ಹೊಸದಲ್ಲ. ಹೈನು ಇದ್ದ ಮನೆಗಳಲ್ಲಿ ಹಾಲು ಕಾಯಿಸುವ ಗಡಿಗೆಯೇ ಬೇರೆ, ಮೊಸರಿನ ಗಡಿಗೆಯೇ ಬೇರೆ. ಹಾಲಿನ ಪಾತ್ರೆಯನ್ನು ಸಾರಿನ ಪಾತ್ರೆಯೊಡನೆ ಬೆರೆಸುತ್ತಿರಲಿಲ್ಲ. ತೊಳೆದು, ಬಿಸಿನೀರು ಹುಯ್ದು, ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಏಕೆಂದರೆ ಒಂದು ಹನಿ ಮಜ್ಜಿಗೆಯು ಕೊಡ ಹಾಲನ್ನು ಹೆಪ್ಪುಗಟ್ಟಿಸಬಲ್ಲುದೆಂಬುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಪಂಪಿನ ಸಂದಿಯಲ್ಲಿ ಉಳಿದ ಹಾಲಿನ ಪಸೆಯೂ ಅಂಥದೇ. ವ್ಯತ್ಯಾಸವಿಷ್ಟೇ: ಹೆಪ್ಪಿನಲ್ಲಿ ಬೆಳೆಯುವ ಜೀವಾಣು ನಮ್ಮ ಮಿತ್ರ; ಇಲ್ಲಿ ಬೆಳೆಯುವುದು ಯಾವುದೆಂದು ಯಾರು ಬಲ್ಲರು?

ಇದು ಬರಿಯ ಹೆದರಿಕೆಯ ಮಾತಲ್ಲ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 29 ವಾರಗಳಿಗೇ ಹುಟ್ಟಿದ ಶಿಶುವೊಂದಕ್ಕೆ ಕ್ರೋನೋಬ್ಯಾಕ್ಟರ್ ಎಂಬ ರೋಗಾಣುವಿನಿಂದ ಮಿದುಳಿನ ಪೊರೆಯ ಉರಿಯೂತ ಉಂಟಾಯಿತು. ತನಿಖೆ ನಡೆಸಿದಾಗ ಅದೇ ರೋಗಾಣು ಮನೆಯ ಪಂಪಿನಲ್ಲಿ, ತೆಗೆದಿಟ್ಟ ಹಾಲಿನಲ್ಲಿ ಹಾಗೂ ಅಡುಗೆಮನೆಯ ಸಿಂಕಿನ ಮೋರಿಯಲ್ಲಿ ಕಂಡುಬಂದಿತು. ಆ ತಾಯಿ ಅಲಕ್ಷ್ಯ ಮಾಡಿದವಳೇನಲ್ಲ. ಭಾಗಗಳನ್ನು ಸಾಬೂನಿನ ನೀರಿನಲ್ಲಿ ಗಂಟೆಗಟ್ಟಲೆ ನೆನೆಸಿ, ಬಳಿಕ ಜಾಲಿಸಿ ಇಡುತ್ತಿದ್ದಳು. ಆದರೆ ಉಜ್ಜಿ ತೊಳೆದಿರಲಿಲ್ಲ, ಕುದಿಸಿಯೂ ಇರಲಿಲ್ಲ. ನೆನೆಸಿಟ್ಟ ಮಾತ್ರಕ್ಕೆ ಶುಚಿಯಾಗದೆಂಬುದೇ ಇಲ್ಲಿಯ ಪಾಠ. ಇಂಥ ರೋಗ ಅತಿ ವಿರಳವೆಂಬುದನ್ನೂ ಹೇಳಬೇಕು. ಆದರೂ ಅವಧಿಗೆ ಮೊದಲೇ ಹುಟ್ಟಿದ ಕೂಸುಗಳಿಗೂ ಎರಡು ತಿಂಗಳೊಳಗಿನ ಹಸುಳೆಗಳಿಗೂ ರೋಗ ತಡೆಯುವ ಶಕ್ತಿ ಕಡಿಮೆಯಾದ ಮಕ್ಕಳಿಗೂ ಹೆಚ್ಚಿನ ಎಚ್ಚರ ಅಗತ್ಯ.

ಹಾಗಾದರೆ ಮಾಡಬೇಕಾದುದೇನು? ವೈದ್ಯರಿಂದಲೂ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸೂಚನೆಗಳಿಂದಲೂ ನಾವು ತಿಳಿದುದನ್ನು ಕ್ರಮವಾಗಿ ಹೇಳುತ್ತೇವೆ. ಮೊದಲನೆಯದು ಕೈ. ಪಂಪನ್ನು ಮುಟ್ಟುವ ಮೊದಲು ಸಾಬೂನು ಹಚ್ಚಿ 20 ಸೆಕೆಂಡುಗಳಾದರೂ ಕೈ ತೊಳೆಯಬೇಕು. ನೋಟು ಎಣಿಸಿದ ಕೈ, ಬಸ್ಸಿನ ಕಂಬಿ ಹಿಡಿದ ಕೈ, ಸೀಮೆಸುಣ್ಣ ಹಿಡಿದ ಕೈ ಹಾಗೆಯೇ ಹಾಲಿನ ಪಾತ್ರೆಗೆ ಹೋಗಬಾರದು. ಪಂಪನ್ನು ಇಡುವ ಮೇಜನ್ನೂ ಪಂಪಿನ ಹೊರಮೈಯನ್ನೂ ಒರೆಸಿಕೊಳ್ಳಬೇಕು.

ಎರಡನೆಯದು, ಹಾಲು ತೆಗೆದ ಪ್ರತಿ ಸಲವೂ ಹಾಲು ತಗುಲಿದ ಎಲ್ಲ ಭಾಗಗಳನ್ನೂ ಬಿಡಿಬಿಡಿಯಾಗಿ ಬಿಚ್ಚಬೇಕು. ಎದೆಗೆ ಒತ್ತುವ ಆಲಿಕೆ, ವಾಲ್ವು, ತೆಳುವಾದ ಪೊರೆ, ಬಾಟಲಿ, ಮುಚ್ಚಳ ಇವೆಲ್ಲ ಬೇರೆಬೇರೆಯಾಗಬೇಕು. ಹರಿಯುವ ನೀರಿನಲ್ಲಿ ಮೊದಲು ಜಾಲಿಸಿ, ಆಮೇಲೆ ಈ ಕೆಲಸಕ್ಕಾಗಿಯೇ ಮೀಸಲಾದ ಒಂದು ಬೋಗುಣಿಯಲ್ಲಿ ಬಿಸಿನೀರು ಮತ್ತು ಸಾಬೂನು ಹಾಕಿ, ಇದಕ್ಕೆಂದೇ ಇಟ್ಟ ಬ್ರಷ್ಷಿನಿಂದ ಉಜ್ಜಬೇಕು. ತೆಳುವಾದ ಪೊರೆ ಹರಿಯದಂತೆ ಬೆರಳಿನಿಂದಲೇ ಮೃದುವಾಗಿ ತಿಕ್ಕುವುದು ಲೇಸು. ಭಾಗಗಳನ್ನು ನೇರವಾಗಿ ಸಿಂಕಿನೊಳಗೆ ಇಡಲೇಬಾರದು. ಎಷ್ಟೇ ಹೊಳೆಯುವಂತೆ ಕಂಡರೂ ಸಿಂಕು ಸಿಂಕೇ. ಎಲ್ಲರ ಊಟದ ಡಬ್ಬಿಗಳ ಎಂಜಲು ಅದರಲ್ಲಿ ಹೋಗಿರುತ್ತದೆ. ಆ ಬೋಗುಣಿಯನ್ನೂ ಬ್ರಷ್ಷನ್ನೂ ಬಳಸಿದ ಮೇಲೆ ಜಾಲಿಸಿ ಒಣಗಲು ಬಿಟ್ಟು, ಕೆಲವು ದಿನಗಳಿಗೊಮ್ಮೆ ಸಾಬೂನಿನಿಂದ ತೊಳೆಯಬೇಕು. ಕೂಸು ನಾಜೂಕಾಗಿದ್ದರೆ ಪ್ರತಿ ಸಲವೂ ತೊಳೆಯಬೇಕು.

ಮೂರನೆಯದು ಒಣಗಿಸುವುದು. ನಾವು ಎಡವಿದ್ದು ಇಲ್ಲಿಯೇ. ತೊಳೆದ ಭಾಗಗಳನ್ನು ಬಟ್ಟೆಯಿಂದ ಉಜ್ಜಿದರೆ ಬಟ್ಟೆಯಲ್ಲಿರುವ ಸೂಕ್ಷ್ಮ ಜೀವಿಗಳು ಪಾತ್ರೆಗೆ ಅಂಟುತ್ತವೆ. ಆದುದರಿಂದ ಬಳಸದ ಶುಚಿಯಾದ ಬಟ್ಟೆ ಅಥವಾ ಕಾಗದದ ಕರವಸ್ತ್ರವನ್ನು ಹಾಸಿ, ಅದರ ಮೇಲೆ ಭಾಗಗಳನ್ನು ಹರವಿ, ಧೂಳು ಬೀಳದ ಜಾಗದಲ್ಲಿ ತಾನಾಗಿಯೇ ಒಣಗಲು ಬಿಡಬೇಕು. ಪೂರ್ಣವಾಗಿ ಒಣಗಿದ ಮೇಲೆಯೇ ಮುಚ್ಚಿಡಬೇಕು. ಒದ್ದೆಯಿರುವಾಗಲೇ ಚೀಲಕ್ಕೆ ತುರುಕಿದರೆ ಬೂಸ್ಟು ಹಿಡಿಯಲು ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ.

ನಾಲ್ಕನೆಯದು ಕುದಿಸುವುದು. ದಿನಕ್ಕೊಮ್ಮೆ, ರಾತ್ರಿ ತೊಳೆದ ಬಳಿಕ, ಭಾಗಗಳು ಮುಳುಗುವಷ್ಟು ನೀರು ಹಾಕಿ 5 ನಿಮಿಷ ಕುದಿಸಬೇಕು. ಅನಂತರ ಶುಚಿಯಾದ ಇಕ್ಕಳದಿಂದ ಎತ್ತಿ ಒಣಗಿಸಬೇಕು. ಎಳೆಯ ಹಾಗೂ ನಾಜೂಕಿನ ಕೂಸುಗಳಿರುವ ಮನೆಯಲ್ಲಿ ಇದನ್ನು ತಪ್ಪಿಸಕೂಡದು. ಕುದಿಸಬಹುದಾದ ಭಾಗ ಯಾವುದು, ಕುದಿಸಬಾರದ್ದು ಯಾವುದು ಎಂಬುದನ್ನು ಪಂಪಿನೊಡನೆ ಬಂದ ಪತ್ರಿಕೆಯಲ್ಲಿ ಓದಿಕೊಳ್ಳಬೇಕು. ಮೋಟಾರನ್ನು ನೀರಿಗೆ ತಾಗಿಸಬಾರದು. ಗಾಳಿಯ ಕೊಳವೆಗೆ ಹಾಲು ಹೋಗದಿದ್ದರೆ ಅದನ್ನು ತೊಳೆಯಬೇಕಾಗಿಲ್ಲ. ಅದರಲ್ಲಿ ನೀರ ಹನಿಗಳು ಕಂಡರೆ ಪಂಪನ್ನು ಕೆಲವು ನಿಮಿಷ ಬರಿದೇ ಓಡಿಸಿ ಒಣಗಿಸಬಹುದು. ಬೂಸ್ಟು ಕಂಡರೆ ಮಾತ್ರ ತೊಳೆಯುವ ಗೊಡವೆಗೆ ಹೋಗದೆ ಎಸೆದು, ಹೊಸ ಕೊಳವೆ ತರಬೇಕು. ನಾವು ಮಾಡಿದ್ದೂ ಅದನ್ನೇ.

ಇನ್ನು ಕಚೇರಿಯ ಹಗಲು. ಬಿಸಿನೀರಿನ ನಲ್ಲಿ ಎಲ್ಲೆಡೆ ಇರುವುದಿಲ್ಲ. ಕೆಲವೆಡೆ ನೀರೇ ಇರುವುದಿಲ್ಲ. ನಮ್ಮ ಸೊಸೆ ಈಗ ಪಾಲಿಸುವ ಕ್ರಮ ಹೀಗಿದೆ. ಶುಚಿಯಾಗಿ ಒಣಗಿದ ಎರಡು ಜೊತೆ ಭಾಗಗಳನ್ನು ಬೇರೆಬೇರೆ ಮುಚ್ಚಳದ ಡಬ್ಬಿಗಳಲ್ಲಿ ಒಯ್ಯುತ್ತಾಳೆ: ಹನ್ನೊಂದರ ಸರದಿಗೊಂದು, ಮೂರರ ಸರದಿಗೊಂದು. ಚಿಕ್ಕ ಬೋಗುಣಿ, ಬ್ರಷ್ಷು, ಸಣ್ಣ ಶೀಶೆಯಲ್ಲಿ ಸಾಬೂನು, ಫ್ಲಾಸ್ಕಿನಲ್ಲಿ ಬಿಸಿನೀರು ಒಂದು ಕೈಚೀಲದಲ್ಲಿರುತ್ತವೆ. ಹಾಲು ತೆಗೆದೊಡನೆ ಅಲ್ಲಿಯೇ ತೊಳೆದು ಹರವುತ್ತಾಳೆ. ಎರಡನೆಯ ಜೊತೆ ಇರುವುದರಿಂದ ಮೊದಲನೆಯದು ಒಣಗಲಿಲ್ಲವೆಂಬ ಅವಸರವಿಲ್ಲ. ಹಾಲು ತೆಗೆಯಲು ಶೌಚಾಲಯವನ್ನು ಆಶ್ರಯಿಸುವುದನ್ನೂ ಬಿಟ್ಟಿದ್ದಾಳೆ. ಮೇಲಧಿಕಾರಿಗಳನ್ನು ಕೇಳಿದಾಗ ದಾಖಲೆಗಳ ಕೋಣೆಯ ಬೀಗದ ಕೈ ದೊರೆಯಿತು. ಕೇಳುವವರೆಗೆ ಯಾರಿಗೂ ಹೊಳೆದಿರಲಿಲ್ಲ.

ಬಳಸಿದ ಭಾಗಗಳನ್ನು ತೊಳೆಯದೆ ಚೀಲದಲ್ಲಿ ಹಾಕಿ ರೆಫ್ರಿಜರೇಟರಿನಲ್ಲಿಟ್ಟು ಮತ್ತೆ ಬಳಸುವ ರೂಢಿ ಕೆಲವರಲ್ಲಿದೆ. ತಂಪು ರೋಗಾಣುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಕೊಲ್ಲುವುದಿಲ್ಲ. ತೊಳೆಯಲು ಸಾಧ್ಯವೇ ಆಗದ ದಿನ ಆರೋಗ್ಯವಂತ ದೊಡ್ಡ ಕೂಸಿನ ತಾಯಿಗೆ ಅದೊಂದು ಆಸರೆಯಾದೀತು; ನಾಜೂಕಿನ ಕೂಸಿನ ತಾಯಿಗೆ ಸಲ್ಲದು. ಪಂಪಿನ ಗೊಡವೆಯೇ ಬೇಡವೆನಿಸಿದವರು ತೊಳೆದ ಕೈಯಿಂದಲೇ ಶುಚಿಯಾದ ಸ್ಟೀಲಿನ ಬಟ್ಟಲಿಗೆ ಹಾಲು ಹಿಂಡಬಹುದು. ಆಗ ತೊಳೆಯಬೇಕಾದ ಪಾತ್ರೆಗಳೂ ಕಡಿಮೆ.

ತೆಗೆದ ಹಾಲಿಗೂ ಕಾಲಮಿತಿಯಿದೆ. ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಮೀರದಿದ್ದರೆ 4 ಗಂಟೆಗಳವರೆಗೆ ಇಡಬಹುದು. ನಮ್ಮ ಸೀಮೆಯ ಬೇಸಗೆಯಲ್ಲಿ ಆ ಲೆಕ್ಕವನ್ನು ನಂಬುವಂತಿಲ್ಲ. ಮಂಜುಗಟ್ಟಿದ ಪೊಟ್ಟಣಗಳಿರುವ ಶೀತಪೆಟ್ಟಿಗೆಯಲ್ಲಿ 24 ಗಂಟೆ, ರೆಫ್ರಿಜರೇಟರಿನಲ್ಲಿ 4 ದಿನ ಇರಿಸಬಹುದು. ಡಬ್ಬಿಯ ಮೇಲೆ ದಿನ, ವೇಳೆ ಬರೆದಿರಲಿ. ಕೂಸು ಕುಡಿದು ಬಿಟ್ಟ ಹಾಲನ್ನು 2 ಗಂಟೆಗಳ ಮೇಲೆ ಮತ್ತೆ ಕುಡಿಸಬಾರದು. ಕುಡಿಸುವ ಒಳಲೆಗೂ ಬಟ್ಟಲಿಗೂ ಪಂಪಿನಷ್ಟೇ ಶುಚಿ ಬೇಕೆಂಬುದನ್ನು ಮನೆಯಲ್ಲಿರುವ ಹಿರಿಯರು ಮರೆಯಬಾರದು.

ಇನ್ನೊಂದು ಮಾತು. ತೊಟ್ಟಿಲು, ಕುಲಾವಿ, ಬೆಳ್ಳಿಯ ಬಟ್ಟಲು ಅಕ್ಕನಿಂದ ತಂಗಿಗೆ, ಓರಗಿತ್ತಿಯಿಂದ ಓರಗಿತ್ತಿಗೆ ಸಾಗಿಬರುವುದು ನಮ್ಮ ಮನೆಗಳ ಸೊಗಸು. ಆದರೆ ಒಬ್ಬರ ಬಳಕೆಗೆಂದು ಮಾಡಿದ ಪಂಪನ್ನು ಹಾಗೆ ಸಾಗಿಸಬಾರದು. ಅದರ ಒಳಭಾಗಕ್ಕೆ ಹಾಲಿನ ಪಸೆ ಹೋಗಿರಬಹುದು, ಅದನ್ನು ತೊಳೆಯುವ ದಾರಿ ಇರುವುದಿಲ್ಲ. ಆಸ್ಪತ್ರೆಗಳಲ್ಲಿ ಹಲವರು ಬಳಸುವಂತೆಯೇ ರಚಿಸಿದ ಪಂಪುಗಳ ಮಾತು ಬೇರೆ. ಅಲ್ಲಿಯೂ ಹಾಲು ತಗುಲುವ ಭಾಗಗಳು ಪ್ರತಿ ತಾಯಿಗೂ ಬೇರೆಯೇ ಆಗಿರಬೇಕು.

ದುಡಿಯುವ ತಾಯಿಗೆ ಕಾನೂನಿನ ಬೆಂಬಲವೂ ಇಲ್ಲದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಕೂಸಿಗೆ 15 ತಿಂಗಳು ತುಂಬುವವರೆಗೆ, ಸಾಮಾನ್ಯ ವಿಶ್ರಾಂತಿಯ ಹೊರತಾಗಿ, ದಿನಕ್ಕೆ ಎರಡು ಬಿಡುವುಗಳನ್ನು ಹಾಲೂಡಿಸಲು ಒದಗಿಸಿತು. 2017ರ ತಿದ್ದುಪಡಿಯು ಮೊದಲೆರಡು ಮಕ್ಕಳಿಗೆ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅಂಶಗಳು ಸೇರಿವೆ. ಕೇಳಲು ನಾಚುವ ಕಾರಣವಿಲ್ಲ.

ಕೊನೆಯದಾಗಿ ಅತ್ತೆಯಂದಿರಿಗೂ ಸೊಸೆಯಂದಿರಿಗೂ ನಮ್ಮ ಅರಿಕೆ. ಹಿರಿಯರಿಗೆ ಗೌರವ ಕೊಡುವುದೆಂದರೆ ಅವರ ತಪ್ಪನ್ನು ಕಂಡೂ ಸುಮ್ಮನಿರುವುದಲ್ಲ. ಹಿರಿತನವೆಂದರೆ ಕಿರಿಯರು ಹೇಳಿದ್ದನ್ನು ಕೇಳಲಾರದಿರುವುದೂ ಅಲ್ಲ. ಈಗ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕುದಿಸುವ ಪಾತ್ರೆ ಒಲೆಯ ಮೇಲೇರುತ್ತದೆ. ಗಡಿಯಾರ ನೋಡಿ 5 ನಿಮಿಷ ಎಣಿಸುವುದು ನಮ್ಮ ಪಾಲಿನ ಕೆಲಸ, ಇಕ್ಕಳ ಹಿಡಿಯುವುದು ಮಗನ ಪಾಲಿಗೆ. ಸೊಸೆ ಆ ಹೊತ್ತಿನಲ್ಲಿ ಮಗಳನ್ನು ಎದೆಗಪ್ಪಿಕೊಂಡು ಕುಳಿತಿರುತ್ತಾಳೆ. ದಿನವಿಡೀ ದುಡಿದು ಬಂದವಳಿಗೆ ಅಷ್ಟು ಬಿಡುವನ್ನು ಮನೆಯವರು ಕೊಡಲಾರೆವೇ?